ಅಪ್ಪ ಮಾಡಿದ ಹಿದುಕವರೆ ಸಾರು

ಮೊನ್ನೆ ಹುಣಸೂರಿನ ಮಾರ್ಕೆಟ್ಟಿನಿಂದ ತಂದ ಅವರೆಕಾಯಿ ಬಿಡಿಸುತ್ತಿದ್ದೆ. ಬೆರಳಿಗೆ ಹತ್ತಿದ ಸೊಗಡು ಎಷ್ಟು ತೊಳೆದರೂ ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ಅಪ್ಪ ಬಂದ...

ಅವ್ವ ತೀರಿಕೊಂಡಾಗ ನಾನು ಮೂರನೇ ಕ್ಲಾಸು. ಆ ವರ್ಷ ಚಳಿಗಾಲಕ್ಕೆ ಹೆಗ್ಗಡದೇವನಕೋಟೆಯಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಹೇಳಿ ಕಳಿಸಿದರು: ಗಂಡಸೊಬ್ಬನಿಂದ ಹೆಣ್ಣುಮಗು ಸಾಕಲಾಗದು, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು. ಅಪ್ಪ ಶನಿವಾರ ಬೆಳಿಗ್ಗೆ ನನ್ನ ತಲೆಗೆ ಮಫ್ಲರ್ ಸುತ್ತಿ, ಕಂಪಲಾಪುರದಲ್ಲಿ ಬಸ್ಸು ಹತ್ತಿಸಿ ಪಿರಿಯಾಪಟ್ಟಣದ ಮಾರ್ಕೆಟ್ಟಿಗೆ ಕರೆದುಕೊಂಡು ಹೋದ.

ಇಬ್ಬನಿ ಇನ್ನೂ ಆರದ ಅವರೆಕಾಯಿ ರಾಶಿ. ಮಾರುವವಳು ನಕ್ಕಳು. "ಯಾಕಣ್ಣ, ಮನೇಲಿ ಎಂಗಸ್ರಿಲ್ವಾ? ನೀನ್ ಬಂದಿದ್ದೀಯೆ?"

"ಇಲ್ಲೇ ಅವ್ಳಲ್ಲವ್ವ, ನಮ್ಮನೆ ಯಜಮಾನ್ತಿ," ಎಂದು ಅಪ್ಪ ನನ್ನನ್ನು ಮುಂದೆ ನಿಲ್ಲಿಸಿದ. "ಇವ್ಳು ಆರ್ಸಿದ್ರೆ ತಗತೀನಿ."

ನಾನು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಾಯಿ ಮೂಸಿ, ಅದುಮಿ ನೋಡಿ ಆರಿಸಿದೆ. ಅವ್ವ ಹಾಗೆ ಮಾಡುತ್ತಿದ್ದದ್ದು ನೆನಪಿತ್ತು... ನಾನು ಆರಿಸಿದ್ದರಲ್ಲಿ ಅಪ್ಪ ಒಂದನ್ನೂ ವಾಪಸ್ಸು ಹಾಕಲಿಲ್ಲ.

ನೆನೆಸಿದ ಕಾಳನ್ನು ಮರುದಿನ ಇಬ್ಬರೂ ಎದುರುಬದುರು ಕೂತು ಹಿದುಕಿದೆವು. ಬೇಳೆಯೊಂದು ನುಣುಚಿ ಗೋಡೆಗೆ ಹಾರಿದಾಗ ಅಪ್ಪ ನಕ್ಕುಬಿಟ್ಟ. ಅವ್ವ ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಮಧ್ಯಾಹ್ನ ಬಂದ ಅತ್ತೆ ನನ್ನ ಬಟ್ಟೆ ತುಂಬಲು ಚೀಲ ತಂದಿದ್ದರು. ಅಪ್ಪ ತಟ್ಟೆಯಿಟ್ಟು ಮುದ್ದೆ, ಸಾರು ಬಡಿಸಿದ. ಅತ್ತೆ ಮುದ್ದೆ ಮುರಿದು ನೋಡಿದರು.

"ಗಂಟಾಗದೆ ಕಣಪ್ಪ."

"ಮುಂದಿನ್ ಸಲ ಆಗಲ್ಲಕ್ಕ."

ಒಂದು ತುತ್ತು, ಇನ್ನೊಂದು ತುತ್ತು... ಅತ್ತೆ ತಟ್ಟೆ ಮುಂದೆ ತಳ್ಳಿದರು. "ಇನ್ನೊಂದ್ ಸೌಟು ಸಾರು ಬುಡು."

ಉಂಡಾದ ಮೇಲೆ ನನ್ನನ್ನು ಕರೆದು, "ಬತ್ತೀಯಾ ಮಗ, ನನ್ ಜೊತೆ?" ಎಂದರು. ನಾನು ಹೋಗಿ ಅಪ್ಪನ ಪಕ್ಕ ನಿಂತೆ. ಅತ್ತೆ ಇಬ್ಬರನ್ನೂ ನೋಡಿದರು. "ಆಯ್ತು, ನಿಮ್ಮಪ್ಪನ್ ತಾವೇ ಇರು ಬುಡು. ಸಾಕ್ತಾನೆ ಅವ್ನು." ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಸಂಜೆ ಬಸ್ಸಿಗೆ ಹೊರಟರು.

ನನ್ನ ಮದುವೆಯವರೆಗೂ ಆ ಅಡುಗೆಮನೆ ನಮ್ಮಿಬ್ಬರದೇ ಆಗಿತ್ತು. ಈ ಸಲದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಇದು ಅವನಿಲ್ಲದ ಮೊದಲ ಅವರೆ ಕಾಲ.

ನಿನ್ನೆ ನಮ್ಮಲ್ಲಿ ಹಿದುಕವರೆ ಸಾರು ಉಂಡ ಪಕ್ಕದ ಮನೆಯಾಕೆ, "ಬಾಳ ಚೆನ್ನಾಗದೆ ಕಣ್ರೀ, ನಿಮ್ಮವ್ವ ಕಲ್ಸಿದ್ದಾ?" ಎಂದು ಕೇಳಿದರು.

"ಇಲ್ಲ, ನಮ್ಮಪ್ಪ," ಎಂದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. ಆಕೆ ಹೋದ ಮೇಲೆ ಪಾತ್ರೆಯಲ್ಲಿ ಉಳಿದಿದ್ದ ಸಾರನ್ನು ಇನ್ನೊಂದು ಸೌಟು ಬಡಿಸಿಕೊಂಡೆ...