ಕೈ ಬಿಟ್ಟರೆ ಶಾಂತವಾಗುವ ದೀಪ

ಕೀಲೆಣ್ಣೆಯ ವಾಸನೆ ಗೊತ್ತಿರುವವರು ಈಗ ಎಷ್ಟು ಜನ ಉಳಿದಿದ್ದೀರೋ ಕಾಣೆ. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಗೆ ಕಲಸಿ, ಬಿದಿರಿನ ಕೊಳವೆಗೆ ತುಂಬಿ ಎತ್ತಿನ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ಚಕ್ರ ಕಿರುಗುಟ್ಟಿದಾಗ ಇಳಿದು ಅಚ್ಚಿಗೆ ಸವರುತ್ತಿದ್ದರು. ಮೊನ್ನೆ ಮನೆಯ ಅಟ್ಟ ಗುಡಿಸುವಾಗ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಮರದ ಸ್ಟ್ಯಾಂಡೊಂದು ಕೈಗೆ ಸಿಕ್ಕಿತು. ಅದರ ಮೇಲೆ ಮಕ್ಕಳ ಸೈಕಲ್ಲಿನ ಒಂದು ಚಕ್ರ, ಚಕ್ರಕ್ಕೆ ತಾಗಿಕೊಂಡು ಒಂದು ಡೈನಮೋ, ತಿರುಗಿಸಲು ಹಿಡಿ, ತುದಿಯಲ್ಲಿ ಪುಟ್ಟ ಬಲ್ಬು. ಹಿಡಿಯ ಬುಡಕ್ಕೆ ಮೂಗು ಒಡ್ಡಿದೆ. ಅಲ್ಲಿ ಕೀಲೆಣ್ಣೆಯ ವಾಸನೆ ನಿಜವಾಗಿಯೂ ಉಳಿದಿತ್ತೋ, ನನ್ನ ಮುದಿ ಮೂಗು ತಾನೇ ಹುಟ್ಟಿಸಿಕೊಂಡಿತೋ, ಅಂತೂ ನಾನು ಪೊರಕೆ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ.

ಹೊಸಹಳ್ಳಿ ಆಗ ಹಳ್ಳಿಯೇ ಆಗಿತ್ತು. ನಮ್ಮದು ರಾಗಿ ಹೊಲ, ಒಂದು ಬಾವಿ, ಕೊಟ್ಟಿಗೆಗೆ ಅಂಟಿಕೊಂಡ ಹೆಂಚಿನ ಮನೆ. ಆಚೆ ರಾಜಾಜಿನಗರದಲ್ಲಿ ಸಾಲಾಗಿ ಎದ್ದ ಹೊಸ ಮನೆಗಳಿಗೆ ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಸಂಜೆಯಾದರೆ ಅಲ್ಲಿ ಕರೆಂಟು ದೀಪಗಳು ಒಟ್ಟಿಗೇ ಹತ್ತಿಕೊಳ್ಳುತ್ತಿದ್ದವು, ಇಲ್ಲಿ ನಮ್ಮಜ್ಜಿ ಹರಳೆಣ್ಣೆಯ ದೀಪ ಹಚ್ಚುತ್ತಿದ್ದಳು. ಅದೊಂದು ದೊಡ್ಡ ಸಂಭ್ರಮ. ಹಿಂಬಾಗಿಲು ಮುಚ್ಚಬೇಕು, ಮುಂಬಾಗಿಲು ತೆರೆಯಬೇಕು, ಯಾರು ಎಲ್ಲಿದ್ದರೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ದೀಪಕ್ಕೆ ಕೈಮುಗಿಯಬೇಕು. ಹಾಲು ಕರೆಯುತ್ತಿದ್ದ ಅವ್ವ ಕೂಡ ಚೊಂಬು ಬದಿಗಿಟ್ಟು ಕೊಟ್ಟಿಗೆಯಿಂದಲೇ ಕೈಮುಗಿಯುತ್ತಿದ್ದಳು. ದೀಪ ಆರಿತು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ; ಶಾಂತವಾಯಿತು ಎನ್ನಬೇಕಿತ್ತು. ತಾತ ಒಮ್ಮೆ ಮರೆತು ಆಡಿ, ಆ ವಯಸ್ಸಿನಲ್ಲೂ ಅಜ್ಜಿಯಿಂದ ಬೈಸಿಕೊಂಡಿದ್ದ.

ಅಜ್ಜಿ ಹೇಳಿದ್ದೇ ಮನೆಯಲ್ಲಿ ಕೊನೆಯ ಮಾತು. ನನಗೆ ಹನ್ನೊಂದು ತುಂಬಿದ ವರ್ಷ ಅವಳು ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಅಪ್ಪನಿಗೆ ಹೇಳಿದಳು: "ಕಾಗದ ಓದೋಕೆ ಬಂತಲ್ಲಪ್ಪ, ಹೆಣ್ಮಗೀಗೆ ಇನ್ನೇನು ಬೇಕು? ಈ ಪರೀಕ್ಸೆ ಮುಗೀಲಿ, ಇಸ್ಕೂಲು ಬಿಡಿಸು." ಅಪ್ಪ ನನ್ನ ಮುಖ ನೋಡಿದ, ಅವರೆಕಾಯಿ ನೋಡಿದ, ತಾನೂ ಕುಳಿತು ಬಿಡಿಸತೊಡಗಿದ. ನಾನು ರಾಜಾಜಿನಗರದ ಹೊಸ ಸ್ಕೂಲಿಗೆ ಹೊಲದ ಬದುಗಳ ಮೇಲೆ ನಡೆದು ಹೋಗುತ್ತಿದ್ದವಳು. ಆ ದಾರಿಯ ಒಂದೊಂದು ಹುಣಸೆಮರವೂ ನನ್ನದೇ ಅನ್ನಿಸುತ್ತಿತ್ತು.

ನಮ್ಮ ವಿಜ್ಞಾನದ ಮೇಷ್ಟ್ರು ಮಾತ್ರ ಬೇರೆಯೇ ಥರದ ಮನುಷ್ಯ. ಪೇಟೆಯ ಮ್ಯೂಸಿಯಮ್ಮಿನಲ್ಲಿ ಎಲ್ಲಿ ನೋಡಿದರೂ 'ಮುಟ್ಟಬೇಡಿ' ಎಂದು ಬರೆದಿರುವುದನ್ನು ಕಂಡು ಅವರಿಗೆ ರೇಗಿಹೋಗಿತ್ತಂತೆ. ಆ ಬೇಸಿಗೆ ರಜೆಗೆ ಮೊದಲು ಸ್ಕೂಲಿನ ದೊಡ್ಡ ಕೋಣೆಯನ್ನು ಖಾಲಿ ಮಾಡಿಸಿ, ಮಕ್ಕಳಿಂದಲೇ ಸಾಮಾನು ಮಾಡಿಸಿ, 'ಮಕ್ಕಳ ಮ್ಯೂಸಿಯಂ: ದಯವಿಟ್ಟು ಮುಟ್ಟಿ' ಎಂದು ಬಾಗಿಲಿಗೆ ಹಲಗೆ ತೂಗುಹಾಕಿದರು. ನನ್ನ ಪಾಲಿಗೆ ಬಂದದ್ದು ಈ ಚಕ್ರದ ದೀಪ. ಸ್ಟ್ಯಾಂಡಿಗೆ ಚಕ್ರ ಕೂರಿಸಿ ತಂತಿ ಜೋಡಿಸಿದವಳು ನಾನೇ. ಮನೆಯವರನ್ನೆಲ್ಲ ಕರೆತರಬೇಕೆಂದು ಮೇಷ್ಟ್ರು ಹೇಳಿದಾಗ ನನಗೆ ಒಂದೇ ಆಸೆ ಹುಟ್ಟಿತು. ಅಜ್ಜಿ ಇದನ್ನು ನೋಡಬೇಕು, ನೋಡಿ ಮನಸ್ಸು ಬದಲಿಸಬೇಕು.

ಜಾತ್ರೆಗೆ ಹೊರಟಂತೆಯೇ ಹೊರಟೆವು. ಗಾಡಿಗೆ ಹುಲ್ಲು ಹಾಸಿ ಮೇಲೆ ಜಮಖಾನ ಹಾಸಲಾಯಿತು. ಅಜ್ಜಿ ಪೆಟ್ಟಿಗೆಯ ಸೀರೆ ಉಟ್ಟಳು, ಅವ್ವ ಬುತ್ತಿ ಕಟ್ಟಿದಳು, ತಾತ ರುಮಾಲು ಸುತ್ತಿ ಎತ್ತು ಹೂಡಿದ. ಒಳಗೆ ಹೋದರೆ ನಮ್ಮವರು ಯಾರೂ ಏನನ್ನೂ ಮುಟ್ಟಲೊಲ್ಲರು, ಕೈ ಹಿಂದೆ ಕಟ್ಟಿಕೊಂಡು ನಿಂತರು. ಮೇಷ್ಟ್ರು ಒಬ್ಬೊಬ್ಬರನ್ನೇ ಎಳೆದು ಮುಟ್ಟಿಸಿದರು. ಕನ್ನಡಿ ಕೂರಿಸಿದ ಉದ್ದನೆಯ ಕೊಳವೆಯಲ್ಲಿ ಇಣುಕಿದ ತಾತನಿಗೆ ಕಾಂಪೌಂಡಿನ ಆಚೆ ಕಟ್ಟಿದ್ದ ನಮ್ಮದೇ ಎತ್ತು ಕಂಡಿತು. "ಲೇ, ಗಿಡ ತಿಂತಾ ಐತಲ್ಲೋ!" ಎಂದು ಕೊಳವೆಯೊಳಗೇ ಗದರಿಸಿದ. ದಾರ ಕಟ್ಟಿದ ಎರಡು ಡಬ್ಬಿಗಳ ಟೆಲಿಫೋನಿನ ಒಂದು ತುದಿಯಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ. ಹಿರಿಯರ ಮುಂದೆ ಒಬ್ಬರನ್ನೊಬ್ಬರು ಮಾತಾಡಿಸದ ಆ ಇಬ್ಬರಲ್ಲಿ ಅಪ್ಪ ಡಬ್ಬಿಗೆ ಬಾಯಿಟ್ಟು ಮೆಲ್ಲಗೆ ಕೇಳಿದ, "ಕಾಲು ನೋವು ಹೆಂಗೈತೆ?" ಅವ್ವ ಕೆಂಪಾಗಿ, ಆಮೇಲೆ ಡಬ್ಬಿಯನ್ನು ಕಿವಿಯಿಂದ ಬಾಯಿಗೆ ತಂದು, "ವಾಸಿ," ಎಂದಳು. ಅವರಿಬ್ಬರೂ ಅಷ್ಟು ಜನರ ನಡುವೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೊನೆಗೆ ನನ್ನ ದೀಪದ ಸರದಿ. ಅಷ್ಟರಲ್ಲಿ ಹೊತ್ತು ಇಳಿದಿತ್ತು. ಅಜ್ಜಿ ಹಿಡಿ ಹಿಡಿದು ಒಂದು ಸುತ್ತು ಹಾಕಿದ್ದೇ ಮುಖ ಸಿಂಡರಿಸಿದಳು. "ಕಿರ್ ಅಂತೈತೆ. ಎಣ್ಣೆ ಕಾಣಿಸಿಲ್ವೇನಮ್ಮಿ ಇದಕ್ಕೆ?" ತಾತ ಓಡಿ ಗಾಡಿಯಿಂದ ಬಿದಿರಿನ ಕೊಳವೆ ತಂದ. ಮೇಷ್ಟ್ರು ಅಯ್ಯೋ ಎನ್ನುವಷ್ಟರಲ್ಲಿ ಅಜ್ಜಿ ಬೆರಳಿನಿಂದ ಕೀಲೆಣ್ಣೆ ಸವರಿಯಾಗಿತ್ತು. ಆಮೇಲೆ ಚಕ್ರ ಸದ್ದಿಲ್ಲದೆ ತಿರುಗಿತು, ಬಲ್ಬು ಮಿಣಿ ಮಿಣಿ ಎಂದು ಹೊತ್ತಿಕೊಂಡಿತು. ಸಂಜೆಯ ಹೊತ್ತು, ಎದುರಿಗೆ ದೀಪ. ಅಜ್ಜಿ ಥಟ್ಟನೆ ಹಿಡಿ ಬಿಟ್ಟು ಎರಡೂ ಕೈ ಎತ್ತಿ ಮುಗಿದಳು. ಚಕ್ರ ನಿಧಾನವಾಯಿತು, ದೀಪ ಕೆಂಪಾಗಿ ಶಾಂತವಾಯಿತು. ಅವಳು ಮತ್ತೆ ತಿರುಗಿಸಿದಳು, ಮತ್ತೆ ಹೊತ್ತಿತು, ಮತ್ತೆ ಬಿಟ್ಟು ಕೈಮುಗಿದಳು. ಹಿಂದೆ ನಿಂತಿದ್ದ ಮಕ್ಕಳು ಕಿಸಕ್ಕೆಂದವು. ಮೂರನೆಯ ಸಲಕ್ಕೆ ಅಜ್ಜಿ ಹುಬ್ಬು ಗಂಟಿಕ್ಕಿದಳು. "ಕೈ ಮುಗಿಯೋಕೆ ಮುಂಚೆ ಶಾಂತವಾಯ್ತದಲ್ಲ, ಇದೆಂಥ ದೀಪ? ನಡೀರಿ ಮನೆಗೆ," ಎಂದಳು.

ಮನೆಗೆ ಹೋದರೆ ಮುಗಿಯಿತು, ಸ್ಕೂಲೂ ಮುಗಿಯಿತು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ಹಿಡಿ ಹಿಡಿದೆ. "ಅಜ್ಜೀ, ನೀನು ಕೈಮುಗಿ. ನಾನು ಬಿಡಾಕಿಲ್ಲ," ಎಂದು ತಿರುಗಿಸತೊಡಗಿದೆ. ಅಜ್ಜಿ ಕೈಮುಗಿದಳು ನೋಡಿ! ಮನೆದೇವರಿಂದ ಶುರುವಾಗಿ, ಬಾವಿ, ಹೊಲ, ಎತ್ತು, ಹಸು, ಕರು, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು, ಅವರ ಮಕ್ಕಳು ಎಲ್ಲರ ಹೆಸರೂ ಬಂತು. ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಅವಳ ಹಿಂದೆ ತಾತ, ಅಪ್ಪ, ಅವ್ವ ಕೈಮುಗಿದು ನಿಂತರು. ಅವರನ್ನು ನೋಡಿ, ಇಲ್ಲಿ ಹೀಗೆಯೇ ಮಾಡಬೇಕೇನೋ ಎಂದುಕೊಂಡ ರಾಜಾಜಿನಗರದ ಕೋಟಿನ ಯಜಮಾನರೊಬ್ಬರೂ ಟೋಪಿ ತೆಗೆದು ಕೈ ಜೋಡಿಸಿದರು. ಕಣ್ಣು ತೆರೆದ ಅಜ್ಜಿ ಮೇಷ್ಟ್ರನ್ನು ಕೇಳಿದಳು, "ಇದನ್ನ ಮಾಡಿದ್ಯಾರು ಸ್ವಾಮಿ?"

"ನಿಮ್ಮ ಮೊಮ್ಮಗಳೇ ತಾಯಿ."

ಗಾಡಿ ಮಾಗಡಿ ರಸ್ತೆ ದಾಟಿ ನಮ್ಮ ಹೊಲದ ದಾರಿ ಹಿಡಿದ ಮೇಲೆ ಅಜ್ಜಿ ನನ್ನ ಬಲಗೈ ತೊಡೆಯ ಮೇಲೆ ಎಳೆದುಕೊಂಡು ರಟ್ಟೆ ನೀವತೊಡಗಿದಳು. ಅವಳ ಬೆರಳು ಕೀಲೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಎಲ್ಲರಿಗೂ ಕೇಳುವಂತೆ ಅಪ್ಪನಿಗೆ ಹೇಳಿದಳು, "ಕೈ ಬಿಟ್ರೆ ಶಾಂತವಾಗೋ ದೀಪ ಕಣಪ್ಪ ಅದು. ಒಬ್ರು ತಿರುಗಿಸ್ತಾನೇ ಇರಬೇಕು. ಮುಂದಕ್ಕೂ ಇಸ್ಕೂಲಿಗೆ ಇವಳ ಹೆಸರು ಬರೆಸು." ಅಪ್ಪ ಎತ್ತಿನ ಬಾಲ ಮುಟ್ಟಿದ, ಗಾಡಿ ಜೋರಾಗಿ ಓಡಿತು. ಅಷ್ಟು ಸಂತೋಷ ನನಗೆ ಆಮೇಲೆ ಆದದ್ದು ಕಡಿಮೆ.

ನಾನು ಓದಿದೆ, ವಿಜ್ಞಾನದ ಮೇಡಮ್ಮೇ ಆದೆ. ಹೈಸ್ಕೂಲು ಮುಗಿಸಿದ ದಿನ ಮೇಷ್ಟ್ರು ಆ ಸ್ಟ್ಯಾಂಡನ್ನು ನನಗೇ ಕೊಟ್ಟರು. ಹೊಸಹಳ್ಳಿಗೆ ಕರೆಂಟು ಬಂದ ಸಂಜೆ ಅಪ್ಪ ಸ್ವಿಚ್ಚು ಒತ್ತಿದಾಗ ಅಜ್ಜಿ ಕೈಮುಗಿದು, ಒಂದು ಕಣ್ಣು ತೆರೆದು, ದೀಪ ಇದೆಯೋ ಹೋಯಿತೋ ಎಂದು ನೋಡಿದಳು. ಆಮೇಲೆ ಕೇಳಿದಳು, "ಇದನ್ನ ಯಾರಮ್ಮಿ ತಿರುಗಿಸ್ತಾವ್ರೆ?" ಶಿವನಸಮುದ್ರದಲ್ಲಿ ನೀರು ತಿರುಗಿಸುತ್ತದೆ ಎಂದೆ. "ಪಾಪ, ಬಿಡುವೇ ಇಲ್ವಲ್ಲ ಅದಕ್ಕೆ," ಎಂದು ಆ ದಿಕ್ಕಿಗೂ ಒಂದು ಕೈಮುಗಿದಳು.

ಈಗ ಆ ಹೊಲದ ಮೇಲೆ ಮೆಟ್ರೋ ಓಡುತ್ತದೆ. ಬಾವಿ ಎಲ್ಲಿತ್ತೆಂದು ನನಗೇ ತೋರಿಸಲು ಬರುವುದಿಲ್ಲ. ಅಜ್ಜಿ, ತಾತ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಮೊನ್ನೆ ಅಟ್ಟದಲ್ಲಿ ಹಿಡಿ ಹಿಡಿದು ತಿರುಗಿಸಿದೆ. ಮೊದಲು ಕಿರ್ ಎಂದಿತು, ಆಮೇಲೆ ಬಲ್ಬು ಹೊತ್ತಿತು. ಕಿಟಕಿಯಾಚೆ ಸಂಜೆಯಾಗಿತ್ತು. ಕೈಮುಗಿಯಬೇಕೆನ್ನಿಸಿತು, ಆದರೆ ಹಿಡಿ ತಿರುಗಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ರಟ್ಟೆ ನೋಯುವವರೆಗೂ ತಿರುಗಿಸುತ್ತಲೇ ಇದ್ದೆ.