ರೂತಮ್ಮ ಸಿಸ್ಟರ್ ಹೇಳಿದ ಸಾಕ್ಷಿ

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಭಾಲ್ಕಿಯ ಒಂದು ಮೆಥಡಿಸ್ಟ್ ಸಭೆಗೆ ಪಾಸ್ಟರಾಗಿ ಬಂದೆ. ಅದಕ್ಕೆ ಮೊದಲು ಔರಾದ್ ತಾಲ್ಲೂಕಿನಲ್ಲಿ, ಚಿಂತಾಕಿ ಸುತ್ತಲಿನ ಹಳ್ಳಿಗಳಲ್ಲಿ ಇದ್ದವನು. ಅಲ್ಲಿ ಭಾನುವಾರ ಇಪ್ಪತ್ತು ಜನ ಕೂತರೆ ಹೆಚ್ಚು. ಭಾಲ್ಕಿಯಲ್ಲಿ ಬೆಂಚುಗಳು ತುಂಬುವುದನ್ನು ಕಂಡು ಬಹಳ ಖುಷಿಪಟ್ಟೆ. ಆ ಖುಷಿಯಲ್ಲಿ ಒಂದು ತಪ್ಪು ಮಾಡಿದೆ.

ಹೊರಗಿನಿಂದ ಬಂದ ಬೋಧಕರಿಗೆ ಪುಲ್ಪಿಟ್, ಅಂದರೆ ಬೋಧನೆಯ ಪೀಠ, ಬಿಟ್ಟುಕೊಡುವುದು ನಮ್ಮಲ್ಲಿ ಮರ್ಯಾದೆ. ಆ ಬೇಸಿಗೆಯಲ್ಲಿ ಬಂದ ಬೋಧಕನಿಗೆ ಒಳ್ಳೆಯ ಕಂಠವಿತ್ತು, ಹಾಡಲು ನಿಂತರೆ ಯಾರೂ ಕದಲುತ್ತಿರಲಿಲ್ಲ. ಎರಡನೆಯ ವಾರದಿಂದ ಅವನ ಪ್ರಸಂಗ ಒಂದೇ ಕಡೆ ಹೊರಳಿತು: ನಂಬಿಕೆ ಇದ್ದವರಿಗೆ ಔಷಧಿ ಬೇಡ, ಗುಳಿಗೆ ನುಂಗುವುದೆಂದರೆ ದೇವರನ್ನು ಅನುಮಾನಿಸುವುದು. ಇದು ಸುಳ್ಳು ಬೋಧನೆ ಎಂದು ನನಗೆ ಗೊತ್ತಿತ್ತು. ಆದರೂ ಅತಿಥಿಯನ್ನು ತಡೆಯುವುದು ಹೇಗೆಂದು ಸುಮ್ಮನಿದ್ದೆ.

ಮೂರನೆಯ ವಾರ ಪ್ರಸಂಗದ ನಂತರ ಸಾಕ್ಷಿಯ ಸಮಯ. ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ಹೆಣ್ಣುಮಕ್ಕಳ ಸಾಲಿನಿಂದ ರೂತಮ್ಮ ಎದ್ದರು. ಮೂವತ್ತು ವರ್ಷ ನರ್ಸ್ ಆಗಿದ್ದು, ಭಾಲ್ಕಿಯ ಅರ್ಧ ಊರಿಗೆ ಸೂಜಿ ಚುಚ್ಚಿದವರು. ಇಡೀ ಊರಿಗೇ ಸಿಸ್ಟರ್.

“ನನಗ ಸಕ್ಕರಿ ಬ್ಯಾನಿ ಇತ್ರಿ. ಒಂದು ವಾರ ಆಯ್ತು, ಇನ್ಸುಲಿನ್ ಬಿಟ್ಟೀನಿ. ದೇವ್ರು ವಾಸಿ ಮಾಡ್ಯಾನ,” ಎಂದರು.

ಸಭೆಯೆಲ್ಲ ಹಲ್ಲೆಲೂಯ ಎಂದಿತು. ನಾನೂ ಎಂದೆ. ಬಾಯಿಗೆ ಅಷ್ಟು ರೂಢಿಯಾಗಿತ್ತು.

ಎರಡು ವಾರ ಕಳೆದು ಒಂದು ಶನಿವಾರ ಮೆಡಿಕಲ್ ಅಂಗಡಿಗೆ ಹೋದೆ. ಒಂದು ಗುಟ್ಟು ಹೇಳಬೇಕು. ನನಗೆ ಬಿ.ಪಿ. ಇತ್ತು, ದಿನಕ್ಕೊಂದು ಗುಳಿಗೆ. ಆ ಬೋಧನೆ ಶುರುವಾದಂದಿನಿಂದ ಅದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಚೀಲದ ತಳಕ್ಕೆ ಹಾಕುತ್ತಿದ್ದೆ. ಅಂಗಡಿಯ ಕರೀಂಸಾಬರು ಪುಡಿಕೆ ಕಟ್ಟುತ್ತ ಹೇಳಿದರು: “ಪಾಸ್ಟರ್ ಸಾಬ್, ಸಿಸ್ಟರ್ ಸಲುವಾಗಿ ತರಿಸಿದ ಇನ್ಸುಲಿನ್ ಫ್ರಿಜ್‌ನಾಗ ಹಂಗೇ ಅದರಿ. ತಬಿಯತ್ ಬರಾಬರ್ ಅದ ಏನ್ರಿ ಅವರದು?”

ಅಲ್ಲಿಂದ ನೇರ ರೂತಮ್ಮನವರ ಮನೆಗೆ ನಡೆದೆ. ಅವರು ಮಂಚದ ಮೇಲಿದ್ದರು, ಮುಖ ಇಳಿದುಹೋಗಿತ್ತು. ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ನನಗೆ ಹೆದರಿಕೆಯಾಯಿತು. ಈಗಲೇ ಬೀದರಿನ ಆಸ್ಪತ್ರೆಗೆ ಹೊರಡೋಣ ಎಂದೆ.

“ಈ ಗಾಯ ಏನಾಗ್ತದಂತ ನನಗ ಗೊತ್ತದರಿ,” ಎಂದರು. “ಆದ್ರ ಈಗ ಸೂಜಿ ತೊಗೊಂಡ್ರ ನಾ ದೇವ್ರ ಮನಿಯೊಳಗ ಸುಳ್ಳು ಹೇಳಿದಂಗ ಆಗ್ತದ. ನೀವೂ ಹಲ್ಲೆಲೂಯ ಅಂದ್ರಲ್ರಿ ಪಾಸ್ಟರ್.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೈಬಲ್ ವಾಕ್ಯ ತೆಗೆದು ತಿಳಿಹೇಳಿದರೂ ಅವರು ಅಲುಗಲಿಲ್ಲ. ಸಭೆಯ ಎದುರು ಕಟ್ಟಿಕೊಂಡ ಗಂಟು ಸಭೆಯ ಎದುರೇ ಬಿಚ್ಚಬೇಕಿತ್ತು.

“ನಾಳೆ ಬೆಳಗ್ಗೆ ಚರ್ಚಿಗಿ ಬರ್ರಿ ಸಾಕು,” ಎಂದು ಕೇಳಿಕೊಂಡೆ.

ನಾನು ಸಭೆಯ ಎದುರೇ ಮಾತಾಡಲಿದ್ದೇನೆಂದು ತಿಳಿದ ಸ್ಟುವರ್ಡ್, ಅಂದರೆ ಸಭೆಯ ವ್ಯವಹಾರ ನೋಡುವ ಹಿರಿಯರಾದ ಸಾಮ್ಯುವೇಲ್ ಮಾಸ್ತರು, ಭಾನುವಾರ ಬೆಳಗ್ಗೆ ನನ್ನನ್ನು ಚರ್ಚಿನ ಬಾಗಿಲಲ್ಲೇ ಹಿಡಿದರು. “ಸಭಾ ಈಗ ತುಂಬಲಿಕತ್ತದರಿ. ಯಾಕ ಗದ್ದಲ? ಸಿಸ್ಟರ್‌ಗಷ್ಟೇ ಮನಿಗಿ ಹೋಗಿ ಹೇಳ್ರಿ.” ಮೂರು ವಾರ ನಾನು ನನಗೆ ಹೇಳಿಕೊಂಡದ್ದೂ ಇದನ್ನೇ. ಅವರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆ ಬಂತು.

ಅಂದು ಆ ಬೋಧಕನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ನಾನೇ ಪುಲ್ಪಿಟ್ ಹತ್ತಿದೆ. ಜೇಬಿನಿಂದ ಗುಳಿಗೆ ತೆಗೆದು, ಎಲ್ಲರ ಎದುರು ನೀರು ಕುಡಿದು ನುಂಗಿದೆ.

“ಇದು ಬಿ.ಪಿ. ಗುಳಿಗಿ. ನಾಲ್ಕು ವರ್ಷದಿಂದ ತೊಗೊಳ್ತೇನಿ. ಇತ್ತೀಚಿಗೆ ನಿಮಗ ಅಂಜಿ ಮುಚ್ಚಿಟ್ಟಿದ್ದೆ. ಸಿಸ್ಟರ್ ಸಾಕ್ಷಿಗೆ ನಾ ಹಲ್ಲೆಲೂಯ ಅಂದದ್ದು ತಪ್ಪು. ತಪ್ಪು ಅವರದಲ್ಲ, ನಂದು. ಔಷಧಿನೂ ದೇವ್ರು ಕೊಟ್ಟದ್ದೇ.”

ಬೋಧಕ ಎದ್ದು ಹೊರಗೆ ನಡೆದ, ಎರಡು ಕುಟುಂಬ ಅವನ ಹಿಂದೆ ಹೋದವು. ಆಗ ರೂತಮ್ಮ ಗೋಡೆ ಹಿಡಿದು ಎದ್ದರು.

“ಯಾರರ ಆಟೋ ಕರೀರಿ,” ಎಂದರು.

ಆಟೋ ತಂದವರು ಸಾಮ್ಯುವೇಲ್ ಮಾಸ್ತರೇ. ಬೀದರಿನ ಆಸ್ಪತ್ರೆಯಲ್ಲಿ ರೂತಮ್ಮನವರನ್ನು ಹನ್ನೆರಡು ದಿನ ಇಟ್ಟುಕೊಂಡರು. ಕಾಲು ಉಳಿಯಿತು, ಹೆಬ್ಬೆರಳು ಹೋಯಿತು. ಆ ಬೆರಳಿನ ಲೆಕ್ಕ ನನ್ನದು ಎಂದು ಇಂದಿಗೂ ಅಂದುಕೊಳ್ಳುತ್ತೇನೆ. ಅವರು ಮಾತ್ರ ಒಂಬತ್ತು ಉಳಿದಾವಲ್ರಿ ಎಂದು ನಗುತ್ತಾರೆ.

ಹೋದ ಕುಟುಂಬಗಳಲ್ಲಿ ಒಂದು ಬೆಳೆಯನ್ನು ಚರ್ಚಿಗೆ ಅರ್ಪಿಸುವ ಸುಗ್ಗಿ ಹಬ್ಬದ ಹೊತ್ತಿಗೆ ಜೋಳದ ಚೀಲ ಹೊತ್ತು ಮರಳಿತು. ಆಮೇಲೆ ಆರಾಧನೆ ಮುಗಿದೊಡನೆ ರೂತಮ್ಮ ಚರ್ಚಿನ ಪಡಸಾಲೆಯಲ್ಲಿ ಬಿ.ಪಿ. ಮಷೀನ್ ಇಟ್ಟುಕೊಂಡು ಕೂರತೊಡಗಿದರು. ಮೊದಲ ಸರದಿ ಯಾವಾಗಲೂ ನನ್ನದು, ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಿದ್ದರು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆಮೇಲಿನ ವರ್ಷಗಳಲ್ಲಿ ಯಾರೇ ರೋಗ ವಾಸಿಯಾಯಿತೆಂದು ಸಾಕ್ಷಿ ಹೇಳಲಿ, ಮೊದಲು ಅವರ ಮನೆಗೆ ಹೋಗಿ ನೋಡಿ ಬರುತ್ತಿದ್ದೆ. ಹಲ್ಲೆಲೂಯ ಆಮೇಲೆ.