ತಾಯಪ್ಪನ ಗಂಟಿನ ಹಗ್ಗ

ದೇವತೆಗಳೂ ದಾನವರೂ ಸಮುದ್ರ ಕಡೆಯುವಾಗ ವಾಸುಕಿಯನ್ನು ಹಗ್ಗ ಮಾಡಿಕೊಂಡರಂತೆ. ಕೆಲಸ ಮುಗಿದ ಮೇಲೆ ಆ ವಾಸುಕಿ ಎಲ್ಲಿಗೆ ಹೋಯಿತೆಂದು ಪಂಡಿತರು ಬೇಕಾದರೆ ತಲೆ ಕೆರೆದುಕೊಳ್ಳಲಿ. ತೆಲುಗು ಸೀಮೆಯ ಲಿಂಗಂಪಲ್ಲಿಯ ನಮ್ಮ ಗಲ್ಲಿಯವರಿಗೆ ಆ ಚಿಂತೆ ಇಲ್ಲ. ಅದು ಹಸಿರು ಬಣ್ಣ ತಾಳಿ, ಮೈತುಂಬ ಗಂಟು ಹಾಕಿಸಿಕೊಂಡು, ಸರಕಾರಿ ಪ್ರಾಥಮಿಕ ಶಾಲೆಯ ಜವಾನ ತಾಯಪ್ಪನ ಹೆಗಲ ಮೇಲೆ ಸುಖವಾಗಿದೆ.

ಶಾಲೆ ರಸ್ತೆಯ ಈ ಕಡೆ. ಆ ಕಡೆ, ಮುಗಿಲು ಮುಟ್ಟುವ ಅಪಾರ್ಟ್‌ಮೆಂಟಿನ ಬುಡದಲ್ಲಿ, ಅದನ್ನು ಕಟ್ಟುವವರ ತಗಡಿನ ಶೆಡ್ಡುಗಳು. ದಿನಾ ಬೆಳಿಗ್ಗೆ ತಾಯಪ್ಪ ಆ ಶೆಡ್ಡುಗಳ ಮುಂದೆ ಹಗ್ಗ ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಹಾಸುವನು. ಒಂದೊಂದು ಗಂಟು ಒಂದೊಂದು ಮಗುವಿನದು. ಯಾದಗಿರಿಯ, ರಾಯಚೂರಿನ ಕೂಲಿಯವರ ಮಕ್ಕಳು ಹಲ್ಲುಜ್ಜಿದ ಬಾಯಲ್ಲೂ ಉಜ್ಜದ ಬಾಯಲ್ಲೂ ಓಡಿಬಂದು ತಮ್ಮ ತಮ್ಮ ಗಂಟು ಹಿಡಿಯುವರು. ಆಮೇಲೆ ದಂಡಯಾತ್ರೆ. ಯಮನಿಗೂ ಬ್ರೇಕು ಹಾಕದ ನೀರಿನ ಟ್ಯಾಂಕರು ತಾಯಪ್ಪನ ಎತ್ತಿದ ಅಂಗೈ ಕಂಡು ನಿಲ್ಲುತ್ತಿತ್ತು. ಅದರ ಹಿಂದೆ ಕಂಪನಿ ಬಸ್ಸುಗಳು, ಕಿವಿಗೆ ವೈರು ಸಿಕ್ಕಿಸಿಕೊಂಡ ಸಾಫ್ಟ್‌ವೇರ್ ಸೇನಾಪತಿಗಳು, ಎಲ್ಲರೂ ಶರಣಾಗತರು.

ಈ ಚಕ್ರವರ್ತಿಗೆ ಒಂದೇ ಒಂದು ಹಟ. ಕೊನೆಯ ಗಂಟಿಗೆ ಕೈ ಬೀಳುವ ತನಕ ಹಗ್ಗ ಹೊರಡುವಂತಿಲ್ಲ. ಮಗು ನಿದ್ದೆಯಲ್ಲಿದ್ದರೆ ಎಬ್ಬಿಸಬೇಕು, ಚಡ್ಡಿ ಸಿಗದಿದ್ದರೆ ಹುಡುಕಬೇಕು, ಜ್ವರವೆಂದರೆ ತಾಯಿಯ ಬಾಯಿಂದಲೇ ಕೇಳಬೇಕು. ಇದು ಎಲ್ಲಮ್ಮನಿಗೆ ಹೊತ್ತ ಹರಕೆ ಎಂದು ಚಹಾದ ಅಂಗಡಿಯಲ್ಲಿ ಒಬ್ಬ ಹೇಳಿದರೆ, ಇನ್ನೊಬ್ಬ ತಾಯಪ್ಪ ಮೊದಲು ಮಿಲಿಟರಿಯಲ್ಲಿದ್ದನೆಂದು ಅವನಿಗೊಂದು ಯುದ್ಧವನ್ನೇ ಹುಟ್ಟಿಸಿಕೊಟ್ಟಿದ್ದ. ನಿಜ ಸಂಗತಿ ಸಣ್ಣದು. ಹಿಂದಿನ ವರ್ಷ ಸಾಯಿಕುಮಾರ ಎಂಬ ಹುಡುಗ ತಡವಾಗಿ ಎದ್ದು, ಹೊರಟುಹೋದ ಹಗ್ಗದ ಹಿಂದೆ ಒಬ್ಬನೇ ಓಡಿ, ನಡುರಸ್ತೆಯಲ್ಲಿ ಬೈಕಿಗೆ ಸಿಕ್ಕಿದ್ದ. ಹುಡುಗ ಬದುಕಿದ. ಹಣೆಯ ಮೇಲೆ ಒಂದು ಹೊಲಿಗೆಯ ಗುರುತು ಉಳಿಯಿತು. ಅಂದಿನಿಂದ ತಾಯಪ್ಪ ಯಾರನ್ನೂ ಬಿಟ್ಟು ಹೊರಟದ್ದಿಲ್ಲ.

ಶಾಲೆಯಲ್ಲಿ ಇಬ್ಬರೇ ಟೀಚರು. ಹೆಡ್‌ಮೇಡಂ ಜಯಮ್ಮನವರದು ಅಚ್ಚ ತೆಲುಗು. ಕರ್ನಾಟಕದ ಗಡಿಗೆ ಅಂಟಿದ ಜಹೀರಾಬಾದಿನ ಕಡೆಯ ಸಪ್ನಾ ಟೀಚರಿಗೆ ಮಾತ್ರ ಕನ್ನಡ ಬರುತ್ತಿತ್ತು. ತಾಯಪ್ಪನ ಮೊಮ್ಮಗಳು ಶಿವಗಂಗಾ ಒಂದನೆಯ ತರಗತಿ ಇಡೀ ಬಾಯಿ ತೆರೆದಿರಲಿಲ್ಲ. ಮೂಕಿ ಎಂದೇ ಎಲ್ಲರೂ ತಿಳಿದಿದ್ದರು. ಸಪ್ನಾ ಟೀಚರು ಬಂದು, "ನಿಮ್ಮೂರಾಗ ಬೆಕ್ಕಿಗಿ ಏನಂತ ಕರೀತಾರವಾ?" ಎಂದು ಕೇಳಿದ ದಿನ ಹುಡುಗಿ ಬೆಕ್ಕು, ಬೆಕ್ಕಿನ ಮರಿ, ಬೆಕ್ಕು ಕುಡಿದ ಹಾಲು, ಹಾಲು ಕೊಟ್ಟ ಎಮ್ಮೆ, ಎಮ್ಮೆ ಮಾರಿದ ಮಾವ, ಎಲ್ಲರ ಚರಿತ್ರೆಯನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳಂತೆ. ಬಾಗಿಲ ಹೊರಗೆ ಕಸ ಗುಡಿಸುತ್ತಿದ್ದ ತಾಯಪ್ಪ ಪೊರಕೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತು ಕೇಳಿದನಂತೆ.

ಆದರೆ ಅಪಾರ್ಟ್‌ಮೆಂಟು ಮೇಲೇರಿದಂತೆ ತರಗತಿ ಕರಗತೊಡಗಿತು. ಒಂದು ಮಹಡಿ ಮುಗಿದರೆ ಒಂದೆರಡು ಕುಟುಂಬ ಬೇರೆ ಸೈಟಿಗೆ. ಇಷ್ಟು ಮಕ್ಕಳಿದ್ದರೆ ಇಷ್ಟು ಟೀಚರು ಎಂಬುದು ಇಲಾಖೆಯ ಅಳತೆಗೋಲು. ಮಕ್ಕಳು ಇಳಿದರೆ ಎರಡನೆಯ ಟೀಚರು 'ಹೆಚ್ಚುವರಿ'. ಹೆಚ್ಚುವರಿಯಾದವರು ಮಕ್ಕಳು ತುಂಬಿ ತುಳುಕುವ ಇನ್ನೊಂದು ಶಾಲೆಗೆ ಹೋಗಬೇಕು.

ಒಂದು ಸಂಜೆ ಜಯಮ್ಮ ತಾಯಪ್ಪನನ್ನು ಕರೆದರು. ಅವರ ತೆಲುಗನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ನಾಳೆ ಆಫೀಸರು ಬರ್ತಾರೆ. ಹಾಜರಿ ಪುಸ್ತಕ ನೋಡೋದಿಲ್ಲ, ಕೂತಿರೋ ತಲೆ ಎಣಿಸ್ತಾರೆ. ಒಂದೇ ಒಂದು ಮಗುವನ್ನೂ ಬಿಟ್ಟು ಬರಬೇಡ. ಸಪ್ನಾ ಇಲ್ಲಿರೋದು ನಿನ್ನ ಹಗ್ಗದ ಮೇಲಿದೆ."

ಯಾರಿಗೆ ಹೇಳಿದರು ನೋಡಿ! ಹನುಮಂತನಿಗೆ 'ಸ್ವಲ್ಪ ಹಾರಪ್ಪ' ಅಂದಂತಾಯಿತು.

ಮರುದಿನ ತಾಯಪ್ಪ ಎಂದಿಗಿಂತ ಬೇಗನೆ ಹಗ್ಗ ಹಾಸಿದ. ಮಕ್ಕಳು ಬೇಗನೆ ಬಂದರು. ಸಾಯಿಕುಮಾರನ ಗಂಟೊಂದೇ ಖಾಲಿ. ಅವನ ಶೆಡ್ಡಿನ ಬಾಗಿಲು ಮುಚ್ಚಿತ್ತು, ಹೊರಗೆ ತಂತಿಯ ಮೇಲೆ ಅವನ ಯೂನಿಫಾರಂ ಅಂಗಿ ಒಣಗುತ್ತಿತ್ತು.

"ಅಂಗಿ ಇಲ್ಲೇ ಐತಿ ಅಂದ್ರ ಹುಡುಗ ಎಲ್ಲಿಗಿ ಹೋಗ್ತಾನ? ಹಳ್ಳದ ಕಡಿ ಹೋಗಿರಬೇಕು. ನಿಂದರ್ರಿ," ಎಂದ ತಾಯಪ್ಪ.

"ಮುತ್ಯಾ, ಹೋಗೂಣು ನಡಿ. ಟೀಚರ್ ಲಗೂ ಬಾ ಅಂದಾರ," ಎಂದಳು ಶಿವಗಂಗಾ.

"ಸುಮ್ನ ನಿಂದ್ರವಾ. ಟೀಚರ್ ಸಲುವಾಗೇ ನಿಂತೀನಿ."

ಹಗ್ಗ ನಿಂತಿತು. ಬಿಸಿಲು ಏರಿತು. ಸಣ್ಣವರು ಗಂಟು ಹಿಡಿದುಕೊಂಡೇ ಕೂತರು. ಕೊನೆಗೆ ಪಕ್ಕದ ಶೆಡ್ಡಿನ ಸುಗಲಮ್ಮ ಟ್ಯಾಂಕರಿನ ನೀರು ಹಿಡಿದು ಎರಡು ಕೊಡ ಹೊತ್ತು ಬಂದಳು.

"ಯಾರ ಹಾದಿ ಕಾಯಾಕತ್ತೀಯೋ ಅಣ್ಣಾ?"

"ಸಾಯಿಕುಮಾರಂದು."

"ಅಯ್ಯ, ಅವ್ರು ನಿನ್ನೆ ಸಂಜೀಕೇ ಟೆಂಪೋದಾಗ ಹೋದ್ರಲ್ಲ! ಮೇಸ್ತ್ರಿ ಬ್ಯಾರೆ ಸೈಟಿಗಿ ಒಯ್ದಾನ."

"ಅಂಗಿ ಐತಲ್ಲಬೇ ಇಲ್ಲಿ?"

"ಈ ಸಾಲೀ ಅಂಗಿ ಅಲ್ಲೇನ್ ಮಾಡ್ತಾರ? ನನ್ನ ಮಗ ದೊಡ್ಡಾಂವಾದ್ರ ಹಾಕಂತ ಬಿಟ್ಟು ಹೋಗ್ಯಾರ."

ಅಂದು ಹಗ್ಗ ರಸ್ತೆಯನ್ನು ಓಡಿ ದಾಟಿತು. ಶಾಲೆಯ ಗೇಟಿನಲ್ಲಿ ಆಫೀಸರು ಸ್ಕೂಟರು ತಿರುಗಿಸುತ್ತಿದ್ದರು. ಗಲ್ಲಿಯ ಮಕ್ಕಳಷ್ಟೇ ಕೂತಿದ್ದ ತರಗತಿಯ ಫೋಟೋ ಆಗಲೇ ಫೋನಿನಿಂದ ಇಲಾಖೆಗೆ ಹೋಗಿತ್ತು. ಜಯಮ್ಮ ಹಗ್ಗದ ಕಡೆ ಕೈ ಮಾಡಿ ತೋರಿಸಿದರು, ಬೇಡಿಕೊಂಡರು. ಆಫೀಸರೇನೂ ರಾಕ್ಷಸರಲ್ಲ. ಹೆಲ್ಮೆಟ್ಟು ತೆಗೆದು, "ಒಮ್ಮೆ ಹೋದದ್ದನ್ನ ನಾನು ತಿದ್ದೋಕಾಗಲ್ಲಮ್ಮ. ಬೇಗಂಪೇಟೆ ಕಡೆ ಒಂದು ಶಾಲೆಯಲ್ಲಿ ಮಕ್ಕಳು ವರಾಂಡದಲ್ಲಿ ಕೂತಿದ್ದಾರೆ, ಅವರಿಗೂ ಟೀಚರ್ ಬೇಕಲ್ಲ," ಎಂದು ಹೇಳಿ ಹೋದರು.

ಸಾಯಿಕುಮಾರ ಇಲ್ಲದೆಯೂ ಆ ಹಗ್ಗದ ಮಕ್ಕಳು ಸಾಕಾಗಿದ್ದರು ಎಂಬುದನ್ನು ಜಯಮ್ಮ ತಾಯಪ್ಪನಿಗೆ ಹೇಳಲಿಲ್ಲ. ಹೇಳಿದವರು ಚಹಾದ ಅಂಗಡಿಯವರು. ಅವನು ಲೋಟ ಕೆಳಗಿಟ್ಟು ಎದ್ದುಹೋದ. ಆಮೇಲೆ ಆ ಅಂಗಡಿಗೆ ಬಂದಿಲ್ಲ.

ಸಪ್ನಾ ಟೀಚರು ಹೊರಟ ದಿನ ತಾಯಪ್ಪ ಅವರ ಚೀಲ ಹೊತ್ತು ಸ್ಟೇಷನ್ನಿನ ತನಕ ಹೋದ.

"ತಪ್ಪಾತ್ರಿ ಟೀಚರಮ್ಮ."

"ನಿಂದೇನು ತಪ್ಪು ಕಾಕಾ? ನೀ ಯಾರನ್ನೂ ಬಿಟ್ಟು ಬರಂಗಿಲ್ಲ ಅಂತನ ಆ ತಾಯಂದಿರು ಮಕ್ಕಳನ್ನ ಕಳಸ್ತಿದ್ರು."

ಶಿವಗಂಗಾಳೂ ಜೊತೆಗೆ ಹೋಗಿದ್ದಳು. ರೈಲು ಹೋಯಿತು. ಈಗ ಎಲ್ಲ ತರಗತಿಗಳೂ ಒಂದೇ ಕೋಣೆಯಲ್ಲಿ. ಜಯಮ್ಮ ಒಂದು ಗೋಡೆಗೆ ಮೂರನೆಯವರ ಗುಣಾಕಾರ, ಇನ್ನೊಂದು ಗೋಡೆಗೆ ಒಂದನೆಯವರ ಅಕ್ಷರ ಬರೆದು, ನಡುವೆ ನಿಂತು ತಿರುಗುತ್ತಾರೆ. ಶಿವಗಂಗಾ ಕಿಟಕಿಯ ಪಕ್ಕ ಕೂರುತ್ತಾಳೆ. ಅವಳನ್ನು ಮತ್ತೆ ಮೂಕಿ ಎನ್ನತೊಡಗಿದ್ದಾರೆ.

ಹಗ್ಗ ಇಂದಿಗೂ ಬರುತ್ತದೆ. ಮುಂದೆ ತಾಯಪ್ಪ, ಹಿಂದೆ ಶಿವಗಂಗಾ, ಅವಳ ಹಿಂದೆ ನಾಲ್ಕಾರು ಮಕ್ಕಳು. ಆಮೇಲೆ ಉದ್ದಕ್ಕೂ ಖಾಲಿ ಗಂಟುಗಳು ಧೂಳಿನಲ್ಲಿ ತೆವಳುತ್ತ ಬರುತ್ತವೆ. ಬಾಲದ ಕೊನೆಯ ಗಂಟು ದಾಟುವ ತನಕ ತಾಯಪ್ಪ ಕೈ ಇಳಿಸುವುದಿಲ್ಲ, ಟ್ಯಾಂಕರು ಕದಲುವುದಿಲ್ಲ. ಹೋದ ಮಕ್ಕಳ ನೆನಪಿಗೆ ಎಂದು ಗಲ್ಲಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಮರಳಿ ಬರುತ್ತಾರೆಂಬ ನಂಬಿಕೆ ಎಂದು ಉಳಿದವರು. ನನ್ನದೂ ಒಂದು ಭವ್ಯವಾದ ವ್ಯಾಖ್ಯಾನ ಸಿದ್ಧವಾಗಿತ್ತು. ಅದನ್ನು ಒಪ್ಪಿಸಿಕೊಳ್ಳಲೆಂದೇ ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದೆ: "ತಾಯಪ್ಪ, ಇಷ್ಟು ಮಕ್ಕಳಿಗೆ ಅಷ್ಟುದ್ದ ಹಗ್ಗ ಯಾಕೆ? ಉಳಿದದ್ದನ್ನು ಕತ್ತರಿಸಲು ಮನಸ್ಸು ಬರಲಿಲ್ಲವೇ?"

ತಾಯಪ್ಪ ಹಗ್ಗ ಸುತ್ತುತ್ತಲೇ ಹೇಳಿದ:

"ನೈಲಾನ್ ಐತ್ರಿ. ಕತ್ತರಿಸಿದ್ರ ಎಳಿ ಬಿಚ್ಚಿಕೋತೈತಿ."